ಎರಡು ಪೋರ್ಟುಗಳ ನಡುವಿನ ಸಮ್ಮತಿ: ದತ್ತಾಂಶ ಕೇಂದ್ರದ ಸ್ವಿಚ್ಚುಗಳಲ್ಲಿ ಸಂರಚನೆಯ ವಿನಿಮಯ

ಜಾನಪದ ಸಂಗ್ರಹವನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆದಿದೆ. ಹಾಡುವವರಿಂದ ಪಠ್ಯವನ್ನು ಪಡೆಯುವ ಕ್ಷೇತ್ರಕಾರ್ಯದ ನೆಲೆ ಒಂದು; ಪಡೆದ ಪಠ್ಯವನ್ನು ಸಂಪಾದಿಸಿ ಪ್ರಕಟಿಸುವ ನೆಲೆ ಇನ್ನೊಂದು. ಇವುಗಳ ನಡುವಣ ಸಂರಕ್ಷಣೆಯ ಹಂತವನ್ನು ಗೆದ್ದಲು, ತೇವ, ಬೀರುಗಳ ವಿಷಯವೆಂದು ತಿಳಿದು ಗ್ರಂಥಪಾಲಕರಿಗೆ ವಹಿಸಿಕೊಟ್ಟೆವು. ಧ್ವನಿಸುರುಳಿಗಳು ಗಣಕದ ಕಡತಗಳಾದ ಮೇಲೆ ಅದೇ ಹಂತವನ್ನು ತಂತ್ರಜ್ಞರಿಗೆ ವಹಿಸಿಕೊಟ್ಟೆವು. ವಹಿಸಿಕೊಟ್ಟ ಮೇಲೆ ಕೇಳುವುದನ್ನೂ ಬಿಟ್ಟೆವು. ಹಾಗೆ ಕೇಳದೆ ಹೋದುದರಿಂದ ಆದ ನಷ್ಟದ ಒಂದು ಪ್ರಸಂಗ ನನ್ನ ಅನುಭವದಲ್ಲಿಯೇ ಇದೆ. ಅದನ್ನು ಮುಂದೆ ನಿರೂಪಿಸುತ್ತೇನೆ. ಆ ನಷ್ಟದ ಮೂಲವನ್ನು ಹುಡುಕುತ್ತ ಹೋದಾಗ ನಾನು ತಲುಪಿದ್ದು ಡಿಸಿಬಿಎಕ್ಸ್ ಎಂಬ ಹೆಸರಿನ ಒಂದು ಕಟ್ಟಳೆಯನ್ನು. ದತ್ತಾಂಶ ಕೇಂದ್ರದಲ್ಲಿ ಒಂದೇ ತಂತಿಯ ಎರಡು ತುದಿಗಳಲ್ಲಿರುವ ಪೋರ್ಟುಗಳು ತಂತಮ್ಮ ಸಂರಚನೆಯನ್ನು ಪರಸ್ಪರ ತಿಳಿಸಿಕೊಳ್ಳುವ ಬಗೆ ಅದು. ಧ್ವನಿಸಂಗ್ರಹಗಳ ಹೊಣೆ ಹೊತ್ತವರಿಗೆ ಅರ್ಥವಾಗುವಂತೆ ಅದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು. ಸ್ವಿಚ್ಚು ಎಂದೊಡನೆ ನಮಗೆ ಗೋಡೆಯ ಮೇಲಿನ ದೀಪದ ಗುಂಡಿ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವ ಸ್ವಿಚ್ಚು ಹತ್ತಾರು ಪೋರ್ಟುಗಳುಳ್ಳ ಒಂದು ಪೆಟ್ಟಿಗೆ. ಒಂದು ಪೋರ್ಟಿನಿಂದ ಬಂದ ದತ್ತಾಂಶದ ಚೌಕಟ್ಟನ್ನು, ಎಂದರೆ ಫ್ರೇಮನ್ನು, ಅದು ಸೇರಬೇಕಾದ ಇನ್ನೊಂದು ಪೋರ್ಟಿಗೆ ದಾಟಿಸುವುದು ಅದರ ಕೆಲಸ. ಕಾನ್ಫಿಗರೇಶನ್ ಎಂದು ತಂತ್ರಜ್ಞರು ಕರೆಯುವುದನ್ನು ಇಲ್ಲಿ ಸಂರಚನೆ ಎಂದಿದ್ದೇನೆ. ಉಳಿದ ತಾಂತ್ರಿಕ ಪದಗಳನ್ನು ಬಳಕೆಯಲ್ಲಿರುವಂತೆಯೇ ಇಟ್ಟುಕೊಂಡಿದ್ದೇನೆ. ಅವಕ್ಕೆ ಸಂಸ್ಕೃತದಿಂದ ಹೊಸ ಪದಗಳನ್ನು ಟಂಕಿಸಿದರೆ ಓದುವವರು ತಂತ್ರಜ್ಞರೊಡನೆ ಮಾತನಾಡಲು ಹೋದಾಗ ಆ ಪದಗಳು ಕೈಕೊಡುತ್ತವೆ ಎಂಬುದು ನನ್ನ ಅನುಭವ.

ಇಂಥ ವಿನಿಮಯ ಏಕೆ ಬೇಕಾಯಿತೆಂಬುದನ್ನು ಮೊದಲು ನೋಡಬೇಕು. ಈಥರ್‌ನೆಟ್ ಜಾಲ ಹುಟ್ಟಿನಿಂದಲೇ ಸ್ವಲ್ಪ ಉದಾಸೀನ ಸ್ವಭಾವದ್ದು. ಸ್ವಿಚ್ಚಿನ ಒಳಗಿನ ತಾತ್ಕಾಲಿಕ ಸ್ಮೃತಿ ತುಂಬಿತೆಂದರೆ ಅದು ಬಂದ ಫ್ರೇಮನ್ನು ಬಿಟ್ಟುಬಿಡುತ್ತದೆ. ಕಳೆದುಹೋದುದನ್ನು ಮತ್ತೆ ಕಳುಹಿಸುವ ಹೊಣೆ ಮೇಲಿನ ಸ್ತರದ್ದು. ಪತ್ರವ್ಯವಹಾರಕ್ಕೆ, ಪುಟಗಳನ್ನು ತೆರೆಯುವುದಕ್ಕೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ದೊಡ್ಡ ಸಂಗ್ರಹಗಳಲ್ಲಿ ಸರ್ವರಿಗೂ ಡಿಸ್ಕುಗಳ ಭಂಡಾರಕ್ಕೂ ನಡುವೆ ಫೈಬರ್ ಚಾನೆಲ್ ಎಂಬ ಬೇರೆಯದೇ ಜಾಲವಿರುತ್ತಿತ್ತು. ತೆಗೆದುಕೊಳ್ಳಲು ಸ್ಥಳವಿದೆಯೆಂದು ಎದುರಿನವನು ತಿಳಿಸಿದ ಮೇಲೆಯೇ ಅಲ್ಲಿ ಫ್ರೇಮು ಹೊರಡುತ್ತದೆ. ನಡುದಾರಿಯಲ್ಲಿ ಬಿಟ್ಟುಬಿಡುವ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಎರಡು ಜಾಲಗಳಿಗೆ ಎರಡು ಬಗೆಯ ತಂತಿ, ಎರಡು ಬಗೆಯ ಕಾರ್ಡು, ಎರಡು ಬಗೆಯ ಸ್ವಿಚ್ಚು ಬೇಕಾಗಿ ಖರ್ಚು ಹೆಚ್ಚಿತು. ಫೈಬರ್ ಚಾನೆಲ್ಲಿನ ಫ್ರೇಮುಗಳನ್ನು ಈಥರ್‌ನೆಟ್ಟಿನ ಮೇಲೆಯೇ ಸಾಗಿಸುವ ಎಫ್‌ಸಿಒಇ ಎಂಬ ವಿಧಾನ 2009ರಲ್ಲಿ ಮಾನಕವಾಗಿ ಸಿದ್ಧವಾದುದು ಈ ಹಿನ್ನೆಲೆಯಲ್ಲಿ. ಉದಾಸೀನದ ಜಾಲದ ಮೇಲೆ ನಷ್ಟವನ್ನು ಸಹಿಸದ ಸರಕನ್ನು ಹೇರಬೇಕಾದರೆ ಜಾಲದ ಸ್ವಭಾವವನ್ನೇ ಸ್ವಲ್ಪ ತಿದ್ದಬೇಕಾಗುತ್ತದೆ.

ಈ ತಿದ್ದುಪಡಿಗಳಲ್ಲಿ ಎರಡು ನಮಗೆ ಮುಖ್ಯ. 1997ರಿಂದಲೇ ಈಥರ್‌ನೆಟ್ಟಿನಲ್ಲಿ ‘ತಡೆ’ ಎಂದು ಎದುರಿನ ಪೋರ್ಟಿಗೆ ಹೇಳುವ ಸಂದೇಶವೊಂದಿತ್ತು. ಅದನ್ನು ಕಳುಹಿಸಿದರೆ ಇಡೀ ತಂತಿಯ ಸಂಚಾರವೇ ನಿಲ್ಲುತ್ತಿತ್ತು. 2011ರಲ್ಲಿ ಬಂದ ಪಿಎಫ್‌ಸಿ ಎಂಬ ಮಾನಕ ಈ ತಡೆಯನ್ನು ಎಂಟು ಆದ್ಯತೆಗಳಿಗೆ ಬೇರೆಬೇರೆಯಾಗಿ ಹಂಚಿತು. ಪ್ರತಿ ಫ್ರೇಮಿಗೂ 0ಯಿಂದ 7ರವರೆಗಿನ ಒಂದು ಆದ್ಯತೆಯ ಅಂಕಿಯಿರುತ್ತದೆ. ಡಿಸ್ಕಿನ ಸರಕು 3ನೆಯ ಆದ್ಯತೆಯಲ್ಲಿ ಬರುತ್ತಿದ್ದರೆ ಅದನ್ನು ಮಾತ್ರ ನಿಲ್ಲಿಸಿ ಉಳಿದುದನ್ನು ಹರಿಯಬಿಡಬಹುದು. ಇನ್ನೊಂದು ತಿದ್ದುಪಡಿ ಇಟಿಎಸ್. ಒಂದೇ ತಂತಿಯ ಸಾಮರ್ಥ್ಯವನ್ನು ಸಂಚಾರದ ವರ್ಗಗಳಿಗೆ ಶೇಕಡಾವಾರು ಹಂಚುವ ಕ್ರಮವಿದು, ಡಿಸ್ಕಿಗೆ ಶೇ. 50, ಉಳಿದ ಜಾಲಕ್ಕೆ ಶೇ. 50 ಎಂಬಂತೆ. ಒಂದು ವರ್ಗ ತನ್ನ ಪಾಲನ್ನು ಬಳಸದಿದ್ದಾಗ ಇನ್ನೊಂದು ಅದನ್ನು ಬಳಸಿಕೊಳ್ಳಬಹುದು.

ಪಿಎಫ್‌ಸಿಯ ವಿಷಯದಲ್ಲಿ ಎರಡು ತುದಿಗಳೂ ಒಂದೇ ತಿಳಿವಳಿಕೆಯಲ್ಲಿರಬೇಕು. 3ನೆಯ ಆದ್ಯತೆಯನ್ನು ತಡೆಯಬಹುದೆಂದು ಸ್ವಿಚ್ಚು ತಿಳಿದಿದ್ದು, ಅದೇ ಆದ್ಯತೆಗೆ ತಡೆಯೇ ಇಲ್ಲವೆಂದು ಸರ್ವರು ತಿಳಿದಿದ್ದರೆ, ಸ್ವಿಚ್ಚು ಕಳುಹಿಸುವ ತಡೆಯ ಸಂದೇಶವನ್ನು ಸರ್ವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ಮೃತಿ ತುಂಬುತ್ತದೆ, ಫ್ರೇಮುಗಳು ಬೀಳುತ್ತವೆ. ನೂರಾರು ಸರ್ವರುಗಳಿರುವೆಡೆ ಪ್ರತಿ ತುದಿಯನ್ನೂ ಕೈಯಿಂದ ಹೊಂದಿಸುತ್ತ ಹೋದರೆ ಎಲ್ಲೋ ಒಂದು ಕಡೆ ತಪ್ಪುವುದು ಖಂಡಿತ. ಆದುದರಿಂದ ಪೋರ್ಟುಗಳೇ ಪರಸ್ಪರ ತಿಳಿಸಿಕೊಳ್ಳಲಿ ಎಂಬ ಆಲೋಚನೆಯಿಂದ ಡಿಸಿಬಿಎಕ್ಸ್ ಹುಟ್ಟಿತು. 2011ರ ಐಇಇಇ 802.1ಕ್ಯೂಎಜೆಡ್ ಮಾನಕದಲ್ಲಿ ಇಟಿಎಸ್ ಜೊತೆಗೆ ಅದೂ ಸೇರಿದೆ.

ಡಿಸಿಬಿಎಕ್ಸ್‌ಗೆ ತನ್ನದೇ ಆದ ವಾಹನವಿಲ್ಲ. ಅದು ಎಲ್‌ಎಲ್‌ಡಿಪಿ ಎಂಬ ಹಳೆಯ ಬಂಡಿಯನ್ನೇರಿ ಸಾಗುತ್ತದೆ. 2005ರಲ್ಲಿ ಮಾನಕವಾದ ಈ ಎಲ್‌ಎಲ್‌ಡಿಪಿಯ ನಡಾವಳಿ ಜಾನಪದದ ವಿದ್ಯಾರ್ಥಿಗೆ ಕುತೂಹಲ ಹುಟ್ಟಿಸುವಂಥದ್ದು. ನಮ್ಮ ಹಳ್ಳಿಗಳಲ್ಲಿ ಹೊಸಬನು ಎದುರಾದರೆ ಯಾವೂರು, ಯಾರ ಮನೆ ಎಂದು ಕೇಳುತ್ತಾರೆ. ಎಲ್‌ಎಲ್‌ಡಿಪಿಯಲ್ಲಿ ಕೇಳುವ ಕ್ರಮವೇ ಇಲ್ಲ. ಪ್ರತಿ ಪೋರ್ಟೂ ಡಂಗುರ ಸಾರುವವನ ಹಾಗೆ ತನ್ನ ವಿವರವನ್ನು ಸಾರುತ್ತದೆ: ನಾನು ಇಂಥ ಪೆಟ್ಟಿಗೆಯವನು, ಇಂಥ ಪೋರ್ಟು, ನನ್ನ ಈ ಮಾತು ಇಷ್ಟು ಹೊತ್ತು ಸಲ್ಲುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಈ ಸಾರುವಿಕೆ ನಡೆಯುತ್ತದೆ. ಮಾತಿನ ಆಯುಷ್ಯ ಸುಮಾರು 120 ಸೆಕೆಂಡು. ಅಷ್ಟರಲ್ಲಿ ಮತ್ತೆ ಕೇಳಿಸದಿದ್ದರೆ ಎದುರಿನ ಪೋರ್ಟು ಆ ನೆರೆಯವನನ್ನು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ. ಕೇಳಿಸಿತೆಂಬ ಮರುನುಡಿಯನ್ನು ಯಾರೂ ಕೊಡುವುದಿಲ್ಲ. 2009ರ ಪರಿಷ್ಕರಣದಲ್ಲಿ ಒಂದು ಸೌಜನ್ಯ ಸೇರಿತು: ಹೊಸ ನೆರೆಯವನು ಕಂಡೊಡನೆ 30 ಸೆಕೆಂಡು ಕಾಯದೆ, ಸೆಕೆಂಡಿಗೊಮ್ಮೆಯಂತೆ ಕೆಲವು ಬಾರಿ ಬೇಗಬೇಗನೆ ಸಾರುವುದು. ಇದರ ಡಂಗುರ ಊರಿಗೆಲ್ಲ ಕೇಳುವಂಥದ್ದೂ ಅಲ್ಲ. 01-80-ಸಿ2-00-00-0ಇ ಎಂಬ ಕಾದಿರಿಸಿದ ವಿಳಾಸಕ್ಕೆ ಹೋಗುವ ಈ ಫ್ರೇಮನ್ನು ಯಾವ ಸ್ವಿಚ್ಚೂ ಮುಂದಕ್ಕೆ ದಾಟಿಸುವುದಿಲ್ಲ. ಮಾತು ಆ ಒಂದು ತಂತಿಯ ಆಚೆಗೆ ಹೋಗದು.

ಮಾತಿನ ಘಟಕಕ್ಕೆ ಟಿಎಲ್‌ವಿ ಎಂದು ಹೆಸರು. ಬಗೆ, ಉದ್ದ, ಮೌಲ್ಯ ಎಂಬ ಮೂರರ ಜೋಡಣೆ ಅದು. ಮೊದಲ 7 ಬಿಟ್‌ಗಳಲ್ಲಿ ಇದು ಯಾವ ಬಗೆಯ ಮಾತೆಂಬುದು, ಮುಂದಿನ 9 ಬಿಟ್‌ಗಳಲ್ಲಿ ಅದರ ಉದ್ದ, ಆಮೇಲೆ ವಿಷಯ. ತನಗೆ ತಿಳಿಯದ ಬಗೆ ಬಂದರೆ ಉದ್ದವನ್ನು ನೋಡಿ ಅಷ್ಟನ್ನು ದಾಟಿ ಮುಂದಕ್ಕೆ ಓದಿಕೊಳ್ಳಬಹುದು. ಈ ಅನುಕೂಲದಿಂದಾಗಿಯೇ ಹಳೆಯ ಬಂಡಿಯಲ್ಲಿ ಹೊಸ ಸರಕು ಹಿಡಿಸಿತು. 127ನೆಯ ಬಗೆಯನ್ನು ಸಂಸ್ಥೆಗಳ ಸ್ವಂತ ಬಳಕೆಗೆಂದು ಬಿಡಲಾಗಿದೆ. ಡಿಸಿಬಿಎಕ್ಸ್ ಕುಳಿತಿರುವುದು ಅಲ್ಲಿ. ಪಿಎಫ್‌ಸಿಯ ಟಿಎಲ್‌ವಿ ಒಟ್ಟು 8 ಬೈಟುಗಳದ್ದು. ಬಗೆ ಮತ್ತು ಉದ್ದಕ್ಕೆ 2, ಸಂಸ್ಥೆಯ ಗುರುತಿಗೆ 3, ಉಪಬಗೆಗೆ 1 ಹೋದರೆ ಉಳಿಯುವುದು ಎರಡೇ ಬೈಟು. ಕೊನೆಯ ಬೈಟಿನ ಎಂಟು ಬಿಟ್‌ಗಳು ಎಂಟು ಆದ್ಯತೆಗಳಿಗೆ ಸಲ್ಲುತ್ತವೆ: ಯಾವುದಕ್ಕೆ ತಡೆಯುಂಟು, ಯಾವುದಕ್ಕಿಲ್ಲ. ಅದರ ಹಿಂದಿನ ಬೈಟಿನ ಮೊದಲ ಬಿಟ್ಟೇ ಈ ಇಡೀ ವ್ಯವಸ್ಥೆಯ ಮರ್ಮ. ಅದಕ್ಕೆ ವಿಲ್ಲಿಂಗ್ ಬಿಟ್ ಎಂದು ಹೆಸರು. ಸಮ್ಮತಿ ಬಿಟ್ ಎನ್ನೋಣ.

ಸಮ್ಮತಿ ಬಿಟ್ 1 ಆಗಿದ್ದರೆ, ‘ನನ್ನ ಸಂರಚನೆ ಇದು, ಆದರೆ ನಿನ್ನದನ್ನು ಒಪ್ಪಿಕೊಳ್ಳಲು ಸಿದ್ಧ’ ಎಂದರ್ಥ. 0 ಆಗಿದ್ದರೆ, ‘ನನ್ನದು ಇದು, ಬದಲಾಗದು’ ಎಂದರ್ಥ. ಒಬ್ಬನು ಸಮ್ಮತಿಸುವವನು, ಇನ್ನೊಬ್ಬನು ಸಮ್ಮತಿಸದವನು ಆಗಿದ್ದರೆ ಸಮ್ಮತಿಸುವವನು ಎದುರಿನವನ ಪಿಎಫ್‌ಸಿ ಸಂರಚನೆಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಇಬ್ಬರೂ ಸಮ್ಮತಿಸುವವರಾದರೆ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ. ‘ನೀವು ಮೊದಲು’, ‘ಇಲ್ಲ, ನೀವು ಮೊದಲು’ ಎಂದು ಬಾಗಿಲಲ್ಲಿ ನಿಂತವರ ಸ್ಥಿತಿ ಅದು. ಮಾನಕ ಅದನ್ನು ಸಂಖ್ಯೆಯಿಂದ ಬಗೆಹರಿಸುತ್ತದೆ: ಯಾರ ಮ್ಯಾಕ್ ವಿಳಾಸದ ಸಂಖ್ಯೆ ಚಿಕ್ಕದೋ ಅವರ ಸಂರಚನೆ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಅಚ್ಚಾದ ಒಂದು ಅಂಕಿ ಇಲ್ಲಿ ಹಿರಿತನವನ್ನು ನಿರ್ಣಯಿಸುತ್ತದೆಂಬುದು ಗಮನಾರ್ಹ; ಅದಕ್ಕೂ ಯೋಗ್ಯತೆಗೂ ಯಾವ ಸಂಬಂಧವೂ ಇಲ್ಲ. ಇಬ್ಬರೂ ಒಪ್ಪದವರಾದರೆ ಇಬ್ಬರೂ ತಂತಮ್ಮ ಸಂರಚನೆಯಲ್ಲೇ ಉಳಿಯುತ್ತಾರೆ. ಅವು ಹೊಂದದಿದ್ದರೂ ತಂತಿಯ ದೀಪ ಹಸಿರಾಗಿಯೇ ಇರುತ್ತದೆ.

ಇಟಿಎಸ್‌ನಲ್ಲಿ ಎರಡೂ ಕಡೆಯ ಹಂಚಿಕೆ ಒಂದೇ ಆಗಿರಬೇಕಿಲ್ಲ, ಏಕೆಂದರೆ ಪ್ರತಿ ತುದಿಯೂ ಹಂಚುವುದು ತಾನು ಹೊರಗೆ ಕಳುಹಿಸುವ ಸಂಚಾರವನ್ನು. ಆದುದರಿಂದ ಅಲ್ಲಿ ತನ್ನ ಸಂರಚನೆಯನ್ನು ಹೇಳುವ ಟಿಎಲ್‌ವಿ ಒಂದಾದರೆ, ‘ನೀನು ಹೀಗೆ ಹಂಚಿದರೆ ಒಳ್ಳೆಯದು’ ಎಂಬ ಶಿಫಾರಸಿನದು ಇನ್ನೊಂದು. ಸಮ್ಮತಿ ಬಿಟ್ ಉಳ್ಳವನು ಈ ಶಿಫಾರಸನ್ನು ಸ್ವೀಕರಿಸುತ್ತಾನೆ. ಯಾವ ಅನ್ವಯಕ್ಕೆ ಯಾವ ಆದ್ಯತೆ ಎಂಬುದನ್ನು ಹೇಳುವ ಮೂರನೆಯ ಬಗೆಯ ಟಿಎಲ್‌ವಿ ಕೇವಲ ಮಾಹಿತಿ. ಅದಕ್ಕೆ ಸಮ್ಮತಿ ಬಿಟ್ಟೇ ಇಲ್ಲ.

ತಂತ್ರಜ್ಞರು ಇದನ್ನೆಲ್ಲ ‘ನೆಗೋಷಿಯೇಶನ್’ ಎಂದು ಕರೆಯುವುದುಂಟು. ಈ ಪದದ ಬಗ್ಗೆ ನನಗೆ ತಕರಾರಿದೆ. ಚೌಕಾಸಿಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿದು ನಡುವೆ ಎಲ್ಲೋ ನಿಲ್ಲುತ್ತಾರೆ. ಇಲ್ಲಿ ಯಾರೂ ಸರಿಯುವುದಿಲ್ಲ. ಇಬ್ಬರೂ ತಮ್ಮ ಸ್ಥಿತಿಯನ್ನು ಸಾರುತ್ತಾರೆ. ಯಾರು ಮಣಿಯಬೇಕೆಂಬುದು ಸಾರುವ ಮೊದಲೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನವನ್ನು ಮಾಡಿದವನು ಸ್ವಿಚ್ಚನ್ನು ಅಳವಡಿಸಿದ ಎಂಜಿನಿಯರು, ಇಲ್ಲವೇ ಕಾರ್ಡಿನ ತಯಾರಕ. ಮ್ಯಾಲಿನೋವ್‌ಸ್ಕಿ 1923ರಲ್ಲಿ ಗುರುತಿಸಿದ, ಬಾಂಧವ್ಯವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಆಡುವ ಮಾತಿನ ಹಾಗೆ ಎಲ್‌ಎಲ್‌ಡಿಪಿಯ ಈ ಪುನರುಕ್ತಿ ಮೇಲುನೋಟಕ್ಕೆ ಕಾಣುತ್ತದೆ. ‘ಊಟ ಆಯಿತೆ’ ಎಂಬ ಪ್ರಶ್ನೆಯಲ್ಲಿ ಊಟ ಮುಖ್ಯವಲ್ಲ, ಕೇಳುವುದು ಮುಖ್ಯ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಪೋರ್ಟಿನ ಮಾತಿನಲ್ಲಿ ಒಂದು ಬಿಟ್ ಬದಲಾದರೂ ಎದುರಿನವನ ನಡತೆ ಬದಲಾಗಬಹುದು.

ಜಾನಪದ ಅಧ್ಯಯನದ ಉಪಕರಣಗಳಲ್ಲಿ ಇಲ್ಲಿ ನಿಜವಾಗಿ ಉಪಯುಕ್ತವಾಗುವುದು ಪಾಠಾಂತರದ ಕಲ್ಪನೆ. ಡಿಸಿಬಿಎಕ್ಸ್ ಏಕಪಾಠದ ಕೃತಿಯಲ್ಲ. ಮಾನಕ ಸಿದ್ಧವಾಗುವ ಮೊದಲೇ ಸಾಧನಗಳು ಮಾರುಕಟ್ಟೆಗೆ ಬಂದವು. ಸಿಸ್ಕೊ, ಇಂಟೆಲ್, ನ್ಯುವೋವಾ ಎಂಬ ಮೂರು ಸಂಸ್ಥೆಗಳ ಹೆಸರಿನ ಮೊದಲಕ್ಷರಗಳಿಂದ ಸಿಐಎನ್ ಎಂದು ಕರೆಯಲಾದ ಪಾಠ ಮೊದಲಿನದು. ಹೆಚ್ಚು ಸಂಸ್ಥೆಗಳು ಸೇರಿ 2008ರಲ್ಲಿ ರೂಪಿಸಿದ, ಸಿಇಇ ಎಂದು ಹೆಸರಾದ 1.01ನೆಯ ಪಾಠ ಎರಡನೆಯದು. 2011ರ ಐಇಇಇ ಪಾಠ ಮೂರನೆಯದು. ಮೊದಲ ಪಾಠಕ್ಕೆ ಹೆಸರು ಕೊಟ್ಟ ನ್ಯುವೋವಾ 2008ರಲ್ಲಿಯೇ ಸಿಸ್ಕೊದಲ್ಲಿ ಲೀನವಾಯಿತು. ಪಾಠ ಮಾತ್ರ ಸಾಧನಗಳಲ್ಲಿ ಉಳಿಯಿತು. ಇವುಗಳ ನಡುವಿನ ವ್ಯತ್ಯಾಸ ಕೇವಲ ಉಚ್ಚಾರಣೆಯದಲ್ಲ. ಸಿಇಇ ಪಾಠದಲ್ಲಿ ಪ್ರತಿ ಬದಲಾವಣೆಗೂ ಕ್ರಮಸಂಖ್ಯೆಯಿತ್ತು. ಎದುರಿನವನು ಆ ಸಂಖ್ಯೆಯನ್ನು ಮರಳಿ ಹೇಳಿ, ಕೇಳಿಸಿತೆಂದು ಖಚಿತಪಡಿಸುತ್ತಿದ್ದನು. ಹೊಂದಾಣಿಕೆಯಾಗದಿದ್ದರೆ ದೋಷವನ್ನು ತೋರಿಸುವ ಬಿಟ್ ಒಂದಿತ್ತು. ಐಇಇಇ ಪಾಠ ಕ್ರಮಸಂಖ್ಯೆಯನ್ನೂ ಮರುನುಡಿಯನ್ನೂ ದೋಷದ ಬಿಟ್ಟನ್ನೂ ಕೈಬಿಟ್ಟು ಎಲ್‌ಎಲ್‌ಡಿಪಿಯ ಏಕಮುಖ ಸ್ವಭಾವಕ್ಕೆ ಮರಳಿತು. ಶಿಷ್ಟವಾದ ಪಾಠ ರೂಢಿಯ ಪಾಠಕ್ಕಿಂತ ಸರಳವಾಗಿರುವ ಇಂಥ ಉದಾಹರಣೆ ನಮ್ಮ ಕ್ಷೇತ್ರದಲ್ಲಿ ಅಪರೂಪ. ಸಂಸ್ಥೆಯ ಗುರುತೇ ಬೇರೆಯಾದ್ದರಿಂದ ಒಂದು ಪಾಠವನ್ನು ಮಾತ್ರ ಬಲ್ಲ ಪೋರ್ಟಿಗೆ ಇನ್ನೊಂದು ಪಾಠ ಕೇಳಿಸಿದರೂ ಅರ್ಥವಾಗದು. ಅದು ದಾಟಿ ಓದುತ್ತದೆ. ಎಷ್ಟೋ ಸ್ವಿಚ್ಚುಗಳು ಎದುರಿನವನ ಪಾಠವನ್ನು ಗುರುತಿಸಿ ತಾವೂ ಅದಕ್ಕೆ ಬದಲಾಗುತ್ತವೆ, ಎಲ್ಲವೂ ಅಲ್ಲ.

ಇನ್ನು ಪ್ರಸಂಗಕ್ಕೆ ಬರುತ್ತೇನೆ. 2014ರಲ್ಲಿ ನಾನು ತೊಡಗಿಕೊಂಡಿದ್ದ ಒಂದು ದಾಖಲೀಕರಣ ಯೋಜನೆಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಡಿಜಿಟಲ್ ಕಡತಗಳಾಗಿ ಪರಿವರ್ತಿಸಲಾಗುತ್ತಿತ್ತು. ಚಾಮರಾಜನಗರ ಸೀಮೆಯ ನೀಲಗಾರರೊಬ್ಬರು ರಾತ್ರಿಯಿಡೀ ಹಾಡಿದ ಮಂಟೇಸ್ವಾಮಿ ಕಾವ್ಯದ ಧ್ವನಿಮುದ್ರಣ ಅವುಗಳಲ್ಲೊಂದು. ಹಾಡಿದವರು ಆ ವೇಳೆಗೆ ತೀರಿಕೊಂಡಿದ್ದರು. ಸ್ಟುಡಿಯೊದಲ್ಲಿ ಸಿದ್ಧವಾದ ಕಡತಗಳು ಹೊರ ಡಿಸ್ಕಿನಲ್ಲಿ ಬಂದು, ಸರ್ವರಿನ ಮೂಲಕ ಎಫ್‌ಸಿಒಇ ಮಾರ್ಗದಲ್ಲಿ ಭಂಡಾರವನ್ನು ಸೇರುತ್ತಿದ್ದವು. ಭಂಡಾರ ಸೇರಿದವೆಂದು ಗೊತ್ತಾದ ಮೇಲೆ ಹೊರ ಡಿಸ್ಕನ್ನು ಅಳಿಸಿ ಮುಂದಿನ ಕಂತಿಗೆ ಬಳಸುವುದು ಪದ್ಧತಿಯಾಗಿತ್ತು. ಒಮ್ಮೆ ಸರ್ವರಿನ ಜಾಲದ ಕಾರ್ಡು ಕೆಟ್ಟು ಹೊಸದನ್ನು ಹಾಕಿದರು. ಹಗಲು ಎಲ್ಲವೂ ಸರಿಯಾಗಿತ್ತು. ಸಂಜೆಯ ಬ್ಯಾಕಪ್ಪಿನ ಸಂಚಾರ ಶುರುವಾದೊಡನೆ ದೊಡ್ಡ ಕಡತಗಳ ನಕಲು ನಡುವೆಯೇ ನಿಲ್ಲುತ್ತಿತ್ತು. ದೂರಿದಾಗ, ಉಸ್ತುವಾರಿ ವಹಿಸಿದ್ದವರು ‘ಲಿಂಕ್ ಅಪ್ ಇದೆ ಸಾರ್’ ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಮೂರು ವಾರಗಳ ನಂತರ ಬಂದ ಎಂಜಿನಿಯರೊಬ್ಬರು ಸ್ವಿಚ್ಚಿನ ನೆರೆಹೊರೆಯ ಪಟ್ಟಿಯನ್ನು ತೆರೆದು ನೋಡಿದರು. ಒಂದೇ ಪೋರ್ಟಿನ ಎದುರು ಇಬ್ಬರು ನೆರೆಯವರಿದ್ದರು. ಹೊಸ ಕಾರ್ಡಿನ ಒಳಗಿನ ತಂತ್ರಾಂಶ ತಾನೇ ಎಲ್‌ಎಲ್‌ಡಿಪಿಯಲ್ಲಿ ಸಾರುತ್ತಿತ್ತು. ಹಳೆಯ ಕಾರ್ಡಿನ ಕಾಲದಿಂದ ಲಿನಕ್ಸಿನಲ್ಲಿ ನಡೆಯುತ್ತಿದ್ದ ಎಲ್‌ಎಲ್‌ಡಿಪ್ಯಾಡ್ ಎಂಬ ತಂತ್ರಾಂಶವೂ ಬೇರೊಂದು ಗುರುತಿನಿಂದ ಸಾರುತ್ತಿತ್ತು. ಒಂದೇ ಮನೆಯಿಂದ ಎರಡು ಬಾಯಿ. ಡಿಸಿಬಿಎಕ್ಸ್ ಇಬ್ಬರ ನಡುವಿನ ಕಟ್ಟಳೆ. ಒಂದು ಪೋರ್ಟಿನಲ್ಲಿ ಒಬ್ಬನಿಗಿಂತ ಹೆಚ್ಚು ನೆರೆಯವರು ಕಂಡರೆ ಯಾರ ಮಾತನ್ನೂ ಲೆಕ್ಕಕ್ಕೆ ಹಿಡಿಯದೆ, ಎದುರಿನಲ್ಲಿ ಯಾರೂ ಇಲ್ಲವೆಂಬಂತೆ ನಡೆದುಕೊಳ್ಳಬೇಕೆಂದು ಮಾನಕವೇ ವಿಧಿಸುತ್ತದೆ. ನಮ್ಮ ಸ್ವಿಚ್ಚಿನಲ್ಲಿ ಪಿಎಫ್‌ಸಿಯನ್ನು ‘ಆಟೋ’ ಸ್ಥಿತಿಯಲ್ಲಿ ಇಡಲಾಗಿತ್ತು; ನೆರೆಯವನೊಡನೆ ಹೊಂದಾಣಿಕೆಯಾದರೆ ಮಾತ್ರ ಜಾರಿಗೆ ಬರುವ ಸ್ಥಿತಿ ಅದು. ನೆರೆಯವನೇ ಇಲ್ಲವೆಂದಾದ ಮೇಲೆ ತಡೆಯೂ ಇಲ್ಲ. ಸಂಚಾರ ಹೆಚ್ಚಿದಾಗ ಡಿಸ್ಕಿನ ಫ್ರೇಮುಗಳು ಬೀಳತೊಡಗಿದವು. ಎರಡರಲ್ಲೊಂದು ಬಾಯನ್ನು ಮುಚ್ಚಿಸಿದ ಎರಡು ನಿಮಿಷಕ್ಕೆಲ್ಲ, ಹಳೆಯ ಮಾತಿನ ಆಯುಷ್ಯ ತೀರಿ ಪಟ್ಟಿಯಲ್ಲಿ ಒಬ್ಬನೇ ಉಳಿದನು. ನಕಲು ಸರಾಗವಾಯಿತು.

ಆದರೆ ಆ ಮೂರು ವಾರಗಳಲ್ಲಿ ಅರ್ಧಕ್ಕೆ ನಿಂತ ಕಡತಗಳೂ ಭಂಡಾರದ ಪಟ್ಟಿಯಲ್ಲಿ ಹೆಸರಿನ ಸಮೇತ ಕುಳಿತಿದ್ದವು. ನಮ್ಮ ಸಹಾಯಕರು ಎಣಿಸಿದ್ದು ಹೆಸರುಗಳನ್ನು; ಗಾತ್ರವನ್ನಾಗಲಿ ಚೆಕ್‌ಸಮ್ಮನ್ನಾಗಲಿ ಅಲ್ಲ. ಹೊರ ಡಿಸ್ಕುಗಳು ಅಳಿಸಿಹೋಗಿದ್ದವು. ನೀಲಗಾರರ ಕ್ಯಾಸೆಟ್ಟುಗಳನ್ನು ಮತ್ತೆ ನುಡಿಸಬೇಕಾಯಿತು. ಎರಡನೆಯ ಬಾರಿಗೆ ಎರಡು ಕ್ಯಾಸೆಟ್ಟುಗಳ ಕಾಂತಲೇಪನ ಉದುರತೊಡಗಿತು. ಮೊದಲ ಬಾರಿ ಸ್ವಚ್ಛವಾಗಿ ಬಂದಿದ್ದ ಹಾಡು ಎರಡನೆಯ ಬಾರಿ ಹಾಗೆ ಬರಲಿಲ್ಲ. ಇದಕ್ಕೆ ಒಬ್ಬರನ್ನು ಹೊಣೆ ಮಾಡುವುದು ಕಷ್ಟ. ನಾನೂ ಆ ಯೋಜನೆಯಲ್ಲಿದ್ದೆನಾಗಿ ನನ್ನ ಪಾಲೂ ಇದೆ.

ಈ ವಿನಿಮಯದಲ್ಲಿ ಹೇಳದೆ ಉಳಿಯುವ ಸಂಗತಿಗಳನ್ನೂ ಗಮನಿಸಬೇಕು. ಎಫ್‌ಸಿಒಇ ಫ್ರೇಮು ಈಥರ್‌ನೆಟ್ಟಿನ ಸಾಮಾನ್ಯ 1500 ಬೈಟಿನ ಮಿತಿಯಲ್ಲಿ ಹಿಡಿಸದು. ಸುಮಾರು 2500 ಬೈಟಿಗೆ ಅವಕಾಶ ಬೇಕು. ಡಿಸಿಬಿಎಕ್ಸ್ ಆ ಮಿತಿಯನ್ನು ಹೊಂದಿಸಿಕೊಡುವುದಿಲ್ಲ. ತಡೆಯ ಸಂದೇಶ ಹೊರಟ ಮೇಲೆಯೂ ತಂತಿಯಲ್ಲಿ ಆಗಲೇ ಹೊರಟಿರುವ ಫ್ರೇಮುಗಳು ಬಂದೇ ಬರುತ್ತವೆ. ಅವನ್ನು ಹಿಡಿದಿಡುವಷ್ಟು ಸ್ಮೃತಿಯನ್ನು ಮೀಸಲಿಡುವುದು ಆಯಾ ಸ್ವಿಚ್ಚಿನ ಒಳಗಿನ ವ್ಯವಹಾರ. ಮಾತನಾಡುತ್ತಿರುವವನು ಯಾರೆಂದು ಪರೀಕ್ಷಿಸುವ ಕ್ರಮವೂ ಎಲ್‌ಎಲ್‌ಡಿಪಿಯಲ್ಲಿ ಇಲ್ಲ. ತಂತಿ ಚುಚ್ಚಿದವನು ನೆರೆಯವನಾಗುತ್ತಾನೆ, ಅಷ್ಟೆ. ಸರ್ವರುಗಳ ಕಡೆ ಸಮ್ಮತಿ ಬಿಟ್ಟನ್ನು 1 ಮಾಡಿ, ಅವುಗಳನ್ನು ಎದುರಿಸುವ ಸ್ವಿಚ್ಚಿನ ಪೋರ್ಟುಗಳಲ್ಲಿ 0 ಮಾಡುವ ರೂಢಿ ಬಂದಿರುವುದಕ್ಕೆ ಇದೂ ಒಂದು ಕಾರಣ. ಸ್ವಿಚ್ಚು ಕಂಡಕಂಡವರ ಮಾತಿಗೆ ಮಣಿಯತೊಡಗಿದರೆ ಒಂದು ಕೆಟ್ಟ ಕಾರ್ಡಿನ ಸಂರಚನೆ ಸ್ವಿಚ್ಚಿನ ಪೋರ್ಟನ್ನೇ ಬದಲಿಸೀತು.

ಎಫ್‌ಸಿಒಇ ಇಂದು ಹೊಸ ಸ್ಥಾಪನೆಗಳಲ್ಲಿ ವಿರಳವಾಗಿದೆ. ಡಿಸಿಬಿಎಕ್ಸ್ ಮಾತ್ರ ಉಳಿದಿದೆ. ಒಂದು ಗಣಕದ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ನೇರವಾಗಿ ದತ್ತಾಂಶ ಸಾಗಿಸುವ ರೊಸಿ ಎಂಬ ವಿಧಾನಕ್ಕೂ ನಷ್ಟವಿಲ್ಲದ ದಾರಿ ಬೇಕೆನಿಸಿದ್ದರಿಂದ ಪಿಎಫ್‌ಸಿಗೆ ಹೊಸ ಬೇಡಿಕೆ ಬಂದಿತು. ತಡೆಯೇ ತೊಡಕಾಗುವ ಸಂದರ್ಭಗಳೂ ಉಂಟು. ಮೈಕ್ರೋಸಾಫ್ಟ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೆಟ್ಟುಹೋದ ಒಂದೇ ಕಾರ್ಡು ಎಡೆಬಿಡದೆ ತಡೆಯ ಸಂದೇಶಗಳನ್ನು ಕಳುಹಿಸಿ ಜಾಲದ ದೊಡ್ಡ ಭಾಗವನ್ನು ಸ್ತಬ್ಧಗೊಳಿಸಬಲ್ಲುದೆಂದು ವಿವರಿಸಿದ್ದಾರೆ. ಸಮ್ಮತಿ ಸರಿಯಾಗಿ ನಡೆದರೂ ಸಮ್ಮತಿಸಿದ ಸಂಗತಿಯೇ ಅಪಾಯ ತರಬಹುದೆಂಬುದನ್ನು ಇದು ತೋರಿಸುತ್ತದೆ. ಆ ಚರ್ಚೆ ಪ್ರತ್ಯೇಕ ಲೇಖನದ ವಸ್ತು.

ಗ್ರಂಥಾಲಯಗಳೂ ಧ್ವನಿಸಂಗ್ರಹಗಳೂ ತಮ್ಮ ಕಡತಗಳನ್ನು ದತ್ತಾಂಶ ಕೇಂದ್ರಕ್ಕೆ ಒಪ್ಪಿಸುವಾಗ ಮಾಡಿಕೊಳ್ಳುವ ಕರಾರಿನಲ್ಲಿ ಭಂಡಾರದ ಗಾತ್ರ, ಬ್ಯಾಕಪ್ಪಿನ ಅವಧಿ ಇರುತ್ತವೆ. ಭಂಡಾರಕ್ಕೆ ಹೋಗುವ ಪ್ರತಿ ಪೋರ್ಟಿನಲ್ಲಿ ಯಾವ ಪಾಠದ ಡಿಸಿಬಿಎಕ್ಸ್ ನಡೆಯುತ್ತಿದೆ, ಸಮ್ಮತಿ ಬಿಟ್ ಯಾವ ಕಡೆ 1 ಇದೆ, ನೆರೆಯವರು ಎಷ್ಟು ಮಂದಿ, ಪಿಎಫ್‌ಸಿ ಯಾವ ಆದ್ಯತೆಗೆ ವಾಸ್ತವವಾಗಿ ಜಾರಿಯಲ್ಲಿದೆ ಎಂಬ ವಿವರಗಳನ್ನು ಕಾರ್ಡು ಬದಲಾದಾಗಲೆಲ್ಲ ಬರೆಸಿಕೊಳ್ಳುವುದು ಅರ್ಧ ಪುಟದ ಕೆಲಸ. ಹೊಂದಿಸಿದ ಸಂರಚನೆ ಮತ್ತು ಜಾರಿಯಲ್ಲಿರುವ ಸಂರಚನೆ ಎರಡನ್ನೂ ಸ್ವಿಚ್ಚು ಬೇರೆಬೇರೆಯಾಗಿ ತೋರಿಸುತ್ತದೆ. ಕೇಳಬೇಕಾದುದು ಎರಡನೆಯದನ್ನು. ಕ್ಷೇತ್ರಕಾರ್ಯದಲ್ಲಿ ಹಾಡಿದವರು, ಊರು, ದಿನಾಂಕ, ಧ್ವನಿಮುದ್ರಕದ ಹೆಸರು ಇವುಗಳನ್ನು ಬರೆದುಕೊಳ್ಳುವ ವಿವರಪತ್ರವೊಂದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದರ ಹಿಂಬದಿಯಲ್ಲಿ ಈಗ ನಾನು ನಕಲಿನ ದಿನಾಂಕ, ಕಡತದ ಗಾತ್ರ, ಚೆಕ್‌ಸಮ್ ಮತ್ತು ಪೋರ್ಟಿನ ಸ್ಥಿತಿಗೆ ನಾಲ್ಕು ಸಾಲು ಹೆಚ್ಚಿಗೆ ಬಿಟ್ಟುಕೊಂಡಿದ್ದೇನೆ. ಆ ನೀಲಗಾರರ ಪತ್ರದಲ್ಲಿ ಎರಡು ಕ್ಯಾಸೆಟ್ಟುಗಳ ಎದುರು ‘ಎರಡನೆಯ ನುಡಿಸುವಿಕೆಯಿಂದ’ ಎಂದು ಬರೆದಿದೆ.